ಮುಂಬೈಯಲ್ಲಿ ಮೂರ್ನಾಲ್ಕು ಗಂಟೆ ಬಿಡುವಿದೆ, ಒಬ್ಬರೇ ಇದ್ದೀರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಟರ್‌ವ್ಯೂಗೆ, ಮದುವೆಗೆ, ಆಸ್ಪತ್ರೆಗೆ, ಇಲ್ಲವೇ ಮುಂದಿನ ರೈಲು ಹಿಡಿಯಲು ಮುಂಬೈಗೆ ಬರುವ ನಮ್ಮವರು ತುಂಬ ಜನ. ಕೆಲಸ ಮುಗಿದ ಮೇಲೆ ಮೂರೋ ನಾಲ್ಕೋ ಗಂಟೆ ಉಳಿಯುತ್ತದೆ. ಹೆಚ್ಚಿನವರು ಅದನ್ನು ವೇಟಿಂಗ್ ರೂಮಿನಲ್ಲಿ ಫೋನ್ ನೋಡುತ್ತಾ ಕಳೆದುಬಿಡುತ್ತಾರೆ. ಅದನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಹೊರಗೆ ಕಾಲಿಟ್ಟರೆ ಸಾಕು, ದೇಶದಲ್ಲೇ ಅಪರೂಪದ ಬೀದಿಗಳಿವೆ. ಈ ಊರಲ್ಲಿ ಕೆಲಸ ಮಾಡಿಕೊಂಡಿದ್ದವನಾದ್ದರಿಂದ ಸ್ನೇಹಿತರು, ನೆಂಟರು ಇದೇ ಪ್ರಶ್ನೆಗಳನ್ನು ಕೇಳುತ್ತಲೇ ಇರುತ್ತಾರೆ. ಅವನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ನಾಲ್ಕು ಗಂಟೆಯಲ್ಲಿ ಮುಂಬೈ ನೋಡಲು ಆಗುತ್ತದಾ?

ಇಡೀ ಮುಂಬೈ ಆಗುವುದಿಲ್ಲ. ಒಂದು ಬಡಾವಣೆ ಚೆನ್ನಾಗಿ ಆಗುತ್ತದೆ. ನನ್ನ ಸಲಹೆ ಇಷ್ಟೇ: ಒಂದು ಜಾಗ ಆರಿಸಿ, ಅಲ್ಲಿಗೆ ಹೋಗಿ, ಕಾಲ್ನಡಿಗೆಯಲ್ಲಿ ಸುತ್ತಿ, ವಾಪಸ್ ಬನ್ನಿ. ಜುಹು, ಹಾಜಿ ಅಲಿ, ಸಿದ್ಧಿವಿನಾಯಕ, ಗೇಟ್‌ವೇ ಎಲ್ಲವನ್ನೂ ಒಂದೇ ಮಧ್ಯಾಹ್ನಕ್ಕೆ ತುರುಕಿದರೆ ನೀವು ನೋಡುವುದು ಟ್ಯಾಕ್ಸಿಯ ಕಿಟಕಿಯಿಂದ ಕಾಣುವ ಟ್ರಾಫಿಕ್ಕನ್ನು ಮಾತ್ರ.

ಸಮಯವನ್ನು ಹಿಂದಿನಿಂದ ಲೆಕ್ಕ ಹಾಕಿ. ನಿಮ್ಮ ರೈಲು ರಾತ್ರಿ ಎಂಟಕ್ಕೆ ಎಂದುಕೊಳ್ಳಿ. ಏಳೂಕಾಲಿಗೆ ಪ್ಲಾಟ್‌ಫಾರ್ಮಿನ ಹತ್ತಿರ ಇರಬೇಕು. ಅಲ್ಲಿಗೆ ಬರಲು ಬೇಕಾಗುವ ಹೊತ್ತನ್ನು ಕಳೆಯಿರಿ, ಅದರ ಮೇಲೆ ಇನ್ನೊಂದು ಅರ್ಧ ಗಂಟೆ ಕಳೆಯಿರಿ. ಉಳಿದದ್ದು ನಿಮ್ಮ ನಿಜವಾದ ಬಿಡುವು. ಎರಡು ಗಂಟೆಗಿಂತ ಕಡಿಮೆ ಉಳಿದರೆ ಇಳಿದ ಸ್ಟೇಷನ್ನಿನ ಸುತ್ತಮುತ್ತಲೇ ಇರಿ.

ಲಗೇಜ್ ಏನು ಮಾಡಲಿ?

ದೊಡ್ಡ ಸ್ಟೇಷನ್ನುಗಳಲ್ಲಿ ಕ್ಲೋಕ್ ರೂಮ್ ಇದೆ. ಪ್ರಯಾಣದ ಟಿಕೆಟ್ ತೋರಿಸಬೇಕು, ಬ್ಯಾಗಿಗೆ ಬೀಗ ಇರಲೇಬೇಕು. ಬೀಗ ಇಲ್ಲದ ಬ್ಯಾಗನ್ನು ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಊರಿಂದಲೇ ಒಂದು ಸಣ್ಣ ಬೀಗ ತಂದಿಟ್ಟುಕೊಳ್ಳಿ. ಲ್ಯಾಪ್‌ಟಾಪ್, ಆಭರಣ, ಮೂಲ ದಾಖಲೆಗಳು ನಿಮ್ಮ ಜೊತೆಯೇ ಇರಲಿ. ಸೂಟ್‌ಕೇಸ್ ಎಳೆದುಕೊಂಡು ನಡೆಯುವ ಯೋಚನೆ ಮಾತ್ರ ಬೇಡ. ಫುಟ್‌ಪಾತು, ಮೆಟ್ಟಿಲು, ಮೇಲ್ಸೇತುವೆ ಎಲ್ಲ ಸೇರಿ ಅರ್ಧ ಗಂಟೆಯಲ್ಲೇ ಸುಸ್ತಾಗಿಬಿಡುತ್ತದೆ.

ನಾನು ಇಳಿಯುವ ಸ್ಟೇಷನ್ನಿನಿಂದ ಊರ ಹಳೇ ಭಾಗಕ್ಕೆ ಹೇಗೆ ಹೋಗುವುದು?

ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬಂದರೆ ಸಿಎಸ್‌ಎಂಟಿಯಲ್ಲೇ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಇಳಿಯುತ್ತೀರಿ. ಹೊರಗೆ ಬಂದರೆ ನೋಡಬೇಕಾದದ್ದು ಎದುರಿಗೇ ಇರುತ್ತದೆ.

ಮೈಸೂರು, ಹುಬ್ಬಳ್ಳಿ ಕಡೆಯ ಕೆಲವು ರೈಲುಗಳು ದಾದರ್‌ಗೆ ಬರುತ್ತವೆ. ದಾದರ್‌ನಲ್ಲಿ ಲೋಕಲ್ ರೈಲಿನ ಸೆಂಟ್ರಲ್ ಮತ್ತು ವೆಸ್ಟರ್ನ್ ಎರಡೂ ಲೈನ್ ಸಿಗುತ್ತವೆ. ಸೆಂಟ್ರಲ್ ಹಿಡಿದರೆ ಸಿಎಸ್‌ಎಂಟಿ, ವೆಸ್ಟರ್ನ್ ಹಿಡಿದರೆ ಚರ್ಚ್‌ಗೇಟ್.

ಮಂಗಳೂರು, ಉಡುಪಿ ಕಡೆಯಿಂದ ಮತ್ಸ್ಯಗಂಧದಲ್ಲಿ ಬರುವವರು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಇಳಿಯುತ್ತಾರೆ. ಅಲ್ಲಿಂದ ಹತ್ತಿರದ ಲೋಕಲ್ ಸ್ಟೇಷನ್ ತಿಲಕ್ ನಗರ. ಅದು ಹಾರ್ಬರ್ ಲೈನಿನಲ್ಲಿದೆ, ಸೀದಾ ಸಿಎಸ್‌ಎಂಟಿಗೆ ತಂದು ಬಿಡುತ್ತದೆ. ಟರ್ಮಿನಸ್ಸಿನ ಬಾಗಿಲಲ್ಲಿ ನಿಂತು ಕೂಗುವ ಟ್ಯಾಕ್ಸಿಯವರ ಮಾತು ಕೇಳಿ ಗಾಬರಿಯಾಗಬೇಡಿ.

ಇನ್ನೊಂದು ವಿಷಯ. ಆಟೋ ರಿಕ್ಷಾ ಮಾಹಿಮ್, ಸಯನ್‌ಗಿಂತ ದಕ್ಷಿಣಕ್ಕೆ ಓಡುವುದಿಲ್ಲ. ಇಲ್ಲಿನವರು ‘ಟೌನ್’ ಎನ್ನುವ ದಕ್ಷಿಣ ಮುಂಬೈಯಲ್ಲಿ ಕಪ್ಪು-ಹಳದಿ ಟ್ಯಾಕ್ಸಿ, ನಗರ ಸಾರಿಗೆಯ ‘ಬೆಸ್ಟ್’ ಬಸ್ಸು, ಇಲ್ಲವೇ ಮೆಟ್ರೋ ಹಿಡಿಯಬೇಕು. ಟ್ಯಾಕ್ಸಿ ಮೀಟರಿನ ಮೇಲೆ ಓಡಬೇಕು. ಹತ್ತುವ ಮೊದಲೇ ಕೇಳಿ. ಸಿಎಸ್‌ಎಂಟಿ ಎಂದರೆ ಕೆಲವು ಹಳೇ ಡ್ರೈವರುಗಳು ‘ವಿಟಿ?’ ಎಂದು ಮರಳಿ ಕೇಳುತ್ತಾರೆ. ಎರಡೂ ಒಂದೇ, ವಿಟಿ ಎಂದರೆ ಹಳೇ ಹೆಸರಾದ ವಿಕ್ಟೋರಿಯಾ ಟರ್ಮಿನಸ್.

ಸಿಎಸ್‌ಎಂಟಿಯಿಂದ ನಡೆಯುವ ದಾರಿ ಹೇಳಿ.

ನನಗೆ ತುಂಬ ಇಷ್ಟದ ಪ್ರಶ್ನೆ ಇದು. ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಮೊದಲು ಸ್ಟೇಷನ್ನನ್ನೇ ನೋಡಿ. ರಸ್ತೆ ದಾಟಿ ಮುನ್ಸಿಪಲ್ ಕಾರ್ಪೊರೇಷನ್ ಕಟ್ಟಡದ ಕಡೆ ನಿಂತರೆ ಇಡೀ ಮುಖ ಕಾಣುತ್ತದೆ. ಕೆಲಸ ಶುರುವಾದದ್ದು 1878ರಲ್ಲಿ, ಮುಗಿಯಲು ಸುಮಾರು ಹತ್ತು ವರ್ಷ ಹಿಡಿಯಿತು. ವಿನ್ಯಾಸ ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಅವರದು. ಎದುರಿನ ಕಾರ್ಪೊರೇಷನ್ ಕಟ್ಟಡವೂ ಅವರದೇ. ಗೇಟಿನ ಎರಡು ಕಂಬಗಳ ಮೇಲೆ ಸಿಂಹ ಮತ್ತು ಹುಲಿ ಕೂತಿವೆ. ಸಿಂಹ ಬ್ರಿಟನ್ನಿನ ಗುರುತು, ಹುಲಿ ಭಾರತದ್ದು. ಗೋಡೆಯ ತುಂಬ ನವಿಲು, ಮಂಗ, ಎಲೆ, ಬಳ್ಳಿ. ಅವನ್ನು ಕೆತ್ತುವುದರಲ್ಲಿ ಇಲ್ಲೇ ಹತ್ತಿರದ ಜೆಜೆ ಕಲಾ ಶಾಲೆಯ ಹುಡುಗರ ಕೈಯೂ ಇದೆ. 2004ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಲಕ್ಷಾಂತರ ಜನ ದಿನಾ ಇದರೊಳಗೆ ಓಡಿಕೊಂಡೇ ಹೋಗುತ್ತಾರೆ. ತಲೆ ಎತ್ತಿ ನೋಡುವ ಪುರುಸೊತ್ತು ಅವರಿಗಿಲ್ಲ, ಇವತ್ತು ನಿಮಗಿದೆ.

ಅಲ್ಲಿಂದ ದಾದಾಭಾಯಿ ನವರೋಜಿ ರಸ್ತೆ ಹಿಡಿದು ದಕ್ಷಿಣಕ್ಕೆ ನಡೆಯಿರಿ. ಇಲ್ಲಿನ ಹಳೇ ಕಟ್ಟಡಗಳ ಕೆಳಗೆ ಕಮಾನಿನ ಮೊಗಸಾಲೆ ಇದೆ. ಬಿಸಿಲಾಗಲಿ ಮಳೆಯಾಗಲಿ, ಹೆಚ್ಚಿನ ದಾರಿ ನೆರಳಲ್ಲೇ ಹೋಗುತ್ತದೆ. ಹದಿನೈದು ನಿಮಿಷಕ್ಕೆ ಫ್ಲೋರಾ ಫೌಂಟನ್. ಈ ಕಾರಂಜಿ 1864ರದು. ಪಕ್ಕದಲ್ಲೇ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಪ್ರಾಣ ಕೊಟ್ಟವರ ಸ್ಮಾರಕ ಇದೆ. ಜಾಗಕ್ಕೆ ಹುತಾತ್ಮ ಚೌಕ್ ಎಂಬ ಹೆಸರು ಬಂದದ್ದು ಅದರಿಂದಲೇ. ಏಕೀಕರಣದ ಕತೆ ಕೇಳಿ ಬೆಳೆದ ನಾವು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಭಾಷೆಯ ಹೆಸರಿನಲ್ಲಿ ರಾಜ್ಯ ಕಟ್ಟಿಕೊಂಡ ಇನ್ನೊಂದು ಜನರ ನೋವು ಇದು.

ಹೊತ್ತಿದ್ದರೆ ಎಡಕ್ಕೆ ಹಾರ್ನಿಮನ್ ಸರ್ಕಲ್ ಕಡೆ ಐದು ನಿಮಿಷ ಹೋಗಿಬನ್ನಿ. ದಾರಿಯಲ್ಲಿ ಸೇಂಟ್ ಥಾಮಸ್ ಚರ್ಚ್ ಸಿಗುತ್ತದೆ, 1718ರದು. ಹಿಂದೆ ಇಲ್ಲಿ ಕೋಟೆ ಇತ್ತು, ಅದಕ್ಕೇ ಈ ಭಾಗಕ್ಕೆ ಫೋರ್ಟ್ ಎಂಬ ಹೆಸರು. ಚರ್ಚಿಗೆ ಹೋಗುವ ಕೋಟೆಬಾಗಿಲೇ ಚರ್ಚ್ ಗೇಟ್. ಕೋಟೆ ಹೋಯಿತು, ಬಾಗಿಲಿನ ಹೆಸರು ರೈಲ್ವೆ ಸ್ಟೇಷನ್ನಿಗೆ ಉಳಿಯಿತು. ಸರ್ಕಲ್ಲಿನ ಆಚೆ ಏಷ್ಯಾಟಿಕ್ ಸೊಸೈಟಿಯ ಬಿಳಿ ಕಟ್ಟಡ, ಎದುರಿಗೆ ಅಗಲವಾದ ಮೆಟ್ಟಿಲು. ಮೆಟ್ಟಿಲ ಮೇಲೆ ಕೂತು ಕಾಲಿಗೆ ವಿಶ್ರಾಂತಿ ಕೊಡಿ. ಒಬ್ಬರೇ ಕೂತವರು ಅಲ್ಲಿ ಯಾವಾಗಲೂ ಇದ್ದೇ ಇರುತ್ತಾರೆ.

ವಾಪಸ್ ಬಂದು ಮಹಾತ್ಮ ಗಾಂಧಿ ರಸ್ತೆಯಲ್ಲಿ ಕಾಲಾ ಘೋಡಾ ಕಡೆ ಹೋಗಿ. ದಾರಿಯಲ್ಲಿ ಎಸ್‌ಪ್ಲನೇಡ್ ಮ್ಯಾನ್ಷನ್ ಎಂಬ ಸೊರಗಿದ ಕಟ್ಟಡವಿದೆ. ಒಂದು ಕಾಲದ ವಾಟ್ಸನ್ಸ್ ಹೋಟೆಲ್ ಇದೇ. ಇದರ ಕಬ್ಬಿಣದ ಚೌಕಟ್ಟನ್ನು ಇಂಗ್ಲೆಂಡಿನಲ್ಲಿ ಮಾಡಿ ಹಡಗಿನಲ್ಲಿ ತಂದು ಜೋಡಿಸಿದ್ದರು. 1896ರ ಜುಲೈ 7ರಂದು ಲುಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು ಭಾರತದಲ್ಲಿ ಮೊದಲ ಸಲ ತೋರಿಸಿದ್ದು ಇಲ್ಲಿ. ಸಿನಿಮಾ ಎಂದರೆ ಪ್ರಾಣ ಬಿಡುವ ದೇಶದಲ್ಲಿ ಆ ಮನೆ ಈ ಸ್ಥಿತಿಯಲ್ಲಿರುವುದು ನನಗೆ ಬಹಳ ಬೇಸರದ ವಿಷಯ.

ಮುಂದೆ ಜಹಾಂಗೀರ್ ಆರ್ಟ್ ಗ್ಯಾಲರಿ. 1952ರಲ್ಲಿ ಶುರುವಾದದ್ದು, ಒಳಗೆ ಹೋಗಲು ದುಡ್ಡಿಲ್ಲ. ಚಿತ್ರಕಲೆ ಗೊತ್ತಿಲ್ಲ ಎಂದು ಹಿಂಜರಿಯಬೇಡಿ. ಎಷ್ಟೋ ಸಲ ಚಿತ್ರ ಬರೆದವರೇ ಪಕ್ಕದಲ್ಲಿ ನಿಂತಿರುತ್ತಾರೆ, ಕೇಳಿದರೆ ಸಂತೋಷದಿಂದ ವಿವರಿಸುತ್ತಾರೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಜೆಜೆಯಲ್ಲಿ ಓದಿ, ಅಲ್ಲೇ ಪಾಠ ಹೇಳಿ, ಇದೇ ಊರಿನಲ್ಲಿ ದೊಡ್ಡ ಕಲಾವಿದರಾದರು. ಅವರು ಓಡಾಡಿದ ಬೀದಿಗಳಲ್ಲಿ ನೀವು ನಡೆಯುತ್ತಿದ್ದೀರಿ.

ಕೊನೆಗೆ ಪಶ್ಚಿಮಕ್ಕೆ ತಿರುಗಿ ಓವಲ್ ಮೈದಾನಕ್ಕೆ ಬನ್ನಿ. ನಡುವೆ ಕಾಲುದಾರಿ ಇದೆ. ಅಲ್ಲಿ ನಿಂತು ಎರಡೂ ಕಡೆ ನೋಡಿ. ಪೂರ್ವಕ್ಕೆ ಹೈಕೋರ್ಟು, ವಿಶ್ವವಿದ್ಯಾಲಯ, ಸುಮಾರು 85 ಮೀಟರ್ ಎತ್ತರದ ರಾಜಾಬಾಯಿ ಗಡಿಯಾರ ಗೋಪುರ. ಎಲ್ಲ 19ನೇ ಶತಮಾನದ ಕಲ್ಲಿನ ಕಟ್ಟಡಗಳು. ಪಶ್ಚಿಮಕ್ಕೆ 1930ರ ಸುಮಾರಿಗೆ ಎದ್ದ, ಉರುಟು ಬಾಲ್ಕನಿಗಳ, ಆರ್ಟ್ ಡೆಕೋ ಎಂಬ ಶೈಲಿಯ ಮನೆಗಳು. ಎರಡು ಕಾಲಗಳು ಎದುರುಬದುರು ನಿಂತಿವೆ, ನಡುವೆ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. 2018ರಲ್ಲಿ ಈ ಎರಡೂ ಸಾಲುಗಳಿಗೆ ಒಟ್ಟಿಗೇ ಯುನೆಸ್ಕೋ ಮನ್ನಣೆ ಸಿಕ್ಕಿತು. ಗೋಪುರಕ್ಕೆ ದುಡ್ಡು ಕೊಟ್ಟವರು ಪ್ರೇಮಚಂದ್ ರಾಯ್‌ಚಂದ್ ಎಂಬ ವ್ಯಾಪಾರಿ, ಇಟ್ಟ ಹೆಸರು ತಾಯಿಯದು. ಆಕೆಗೆ ಕಣ್ಣು ಕಾಣುತ್ತಿರಲಿಲ್ಲ, ಕತ್ತಲಾಗುವ ಮೊದಲು ಊಟ ಮಾಡಬೇಕಾದ ಜೈನ ನೇಮದವರು, ಗಂಟೆಯ ಸದ್ದೇ ಅವರಿಗೆ ಹೊತ್ತು ಹೇಳುತ್ತಿತ್ತು ಎಂಬ ಕತೆಯನ್ನು ಇಲ್ಲಿನ ಜನ ಹೇಳುತ್ತಾರೆ.

ಮೈದಾನದಿಂದ ಚರ್ಚ್‌ಗೇಟ್ ಸ್ಟೇಷನ್ ಹತ್ತಿರ. ಅಲ್ಲಿಂದ ಐದು ನಿಮಿಷ ನಡೆದರೆ ಮರೀನ್ ಡ್ರೈವ್, ಸಮುದ್ರ. ನಿಧಾನಕ್ಕೆ ನಿಂತು ನೋಡಿಕೊಂಡು ಬಂದರೆ ಒಟ್ಟು ಮೂರು ಗಂಟೆ ಹಿಡಿಯುತ್ತದೆ.

ಗೇಟ್‌ವೇ ಆಫ್ ಇಂಡಿಯಾ ಬಿಟ್ಟುಬಿಟ್ರಲ್ಲ?

ಬೇಕಾದರೆ ಸೇರಿಸಿ. ಕಾಲಾ ಘೋಡಾದಿಂದ ಹತ್ತು-ಹದಿನೈದು ನಿಮಿಷ ನಡಿಗೆ. 1924ರಲ್ಲಿ ಪೂರ್ತಿಯಾದ ಕಮಾನು. 1948ರ ಫೆಬ್ರವರಿ 28ರಂದು ಬ್ರಿಟಿಷ್ ಸೈನ್ಯದ ಕೊನೆಯ ತುಕಡಿ ಇದರಡಿ ಹಾದು ಹಡಗು ಹತ್ತಿತು. ಆ ದಿನವನ್ನು ನೆನೆದುಕೊಂಡು ನೋಡಿದರೆ ಮೈ ಝುಂ ಎನ್ನುತ್ತದೆ. ಆದರೆ ಜನ ಜಾಸ್ತಿ, ಭದ್ರತೆಯ ಸಾಲು ಇರುತ್ತದೆ, ಫೋಟೋದವರು ಬೆನ್ನು ಬೀಳುತ್ತಾರೆ. ಹೊತ್ತು ಕಡಿಮೆ ಇದ್ದರೆ ನಾನು ಓವಲ್ ಮೈದಾನವನ್ನೇ ಆರಿಸುತ್ತೇನೆ.

ಎಲಿಫೆಂಟಾ ಗುಹೆಗೆ ಹೋಗಿಬರಬಹುದಾ?

ನಾಲ್ಕು ಗಂಟೆಯಲ್ಲಿ ಬೇಡ. ದೋಣಿಯಲ್ಲಿ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ, ಮೇಲೆ ಮೆಟ್ಟಿಲು ಹತ್ತಬೇಕು. ಅರ್ಧ ದಿನ ಪೂರ್ತಿ ಬೇಕು. ಸೋಮವಾರ ರಜೆ.

ಲೋಕಲ್ ಟ್ರೈನ್ ಎಂದರೆ ಭಯ. ಹತ್ತಬಹುದಾ?

ಖಂಡಿತ ಹತ್ತಬಹುದು, ಹೊತ್ತು ನೋಡಿ ಹತ್ತಬೇಕು ಅಷ್ಟೇ. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಜನ ದಕ್ಷಿಣಕ್ಕೆ, ಅಂದರೆ ಸಿಎಸ್‌ಎಂಟಿ, ಚರ್ಚ್‌ಗೇಟ್ ಕಡೆಗೆ ಹರಿಯುತ್ತಾರೆ. ಸಂಜೆ ಐದರ ನಂತರ ಅದೇ ಜನ ಉತ್ತರಕ್ಕೆ ವಾಪಸಾಗುತ್ತಾರೆ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಅಷ್ಟು ನೂಕುನುಗ್ಗಲಿಲ್ಲ. ಆ ಹೊತ್ತಲ್ಲಿ ಸೀಟೂ ಸಿಗುತ್ತದೆ.

ಇಲ್ಲೇ ಹೊರಗಿನವರು ಎಡವುವುದು. ಮಧ್ಯಾಹ್ನ ಆರಾಮಾಗಿ ಟೌನಿಗೆ ಬರುತ್ತಾರೆ, ಮರೀನ್ ಡ್ರೈವಿನಲ್ಲಿ ಸೂರ್ಯಾಸ್ತ ನೋಡುತ್ತಾರೆ, ಆಮೇಲೆ ರಾತ್ರಿ ರೈಲಿಗೆ ದಾದರ್‌ಗೋ ಕುರ್ಲಾಗೋ ಹೊರಡುತ್ತಾರೆ. ಅದು ದಿನದಲ್ಲೇ ಅತಿ ಕೆಟ್ಟ ಗಳಿಗೆ. ಬ್ಯಾಗ್ ಹಿಡಿದು ಡಬ್ಬಿಯೊಳಗೆ ಕಾಲಿಡುವುದೂ ಕಷ್ಟ. ನಿಮ್ಮ ರೈಲು ಸಿಎಸ್‌ಎಂಟಿಯಿಂದ ಹೊರಡದಿದ್ದರೆ ನಾಲ್ಕೂವರೆಗೇ ಟೌನ್ ಬಿಡಿ. ಇಲ್ಲವೇ ಮೆಟ್ರೋ ಹಿಡಿಯಿರಿ. ದಾದರ್ ಮೆಟ್ರೋ ಸ್ಟೇಷನ್ ರೈಲ್ವೆ ಸ್ಟೇಷನ್ನಿಗೆ ಅಂಟಿಕೊಂಡಿಲ್ಲ, ಇಳಿದು ಸ್ವಲ್ಪ ನಡೆಯಬೇಕು ಎಂಬುದು ನೆನಪಿರಲಿ.

ಸ್ಲೋ ರೈಲು ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುತ್ತದೆ, ಫಾಸ್ಟ್ ದೊಡ್ಡ ಸ್ಟೇಷನ್ನಿನಲ್ಲಿ ಮಾತ್ರ. ಹೊಸಬರಿಗೆ ಸ್ಲೋ ಒಳ್ಳೆಯದು. ಸೆಕೆಂಡ್ ಕ್ಲಾಸ್ ಟಿಕೆಟ್ ಹಿಡಿದು ಫಸ್ಟ್ ಕ್ಲಾಸ್ ಡಬ್ಬಿ ಹತ್ತಿದರೆ ದಂಡ. ಓರೆ ಪಟ್ಟೆ ಬಳಿದ ಡಬ್ಬಿ ಕಂಡರೆ ಮುಂದಿನದಕ್ಕೆ ಹೋಗಿ. ಇಳಿಯುವ ಸ್ಟೇಷನ್ನಿಗೆ ಒಂದು ನಿಲ್ದಾಣ ಮೊದಲೇ ಬಾಗಿಲ ಕಡೆ ಸರಿಯಿರಿ. ಪ್ಲಾಟ್‌ಫಾರ್ಮ್ ಯಾವ ಕಡೆ ಬರುತ್ತದೆ ಎಂದು ಪಕ್ಕದವರನ್ನು ಕೇಳಿದರೆ ಹೇಳುತ್ತಾರೆ. ಹಳಿ ದಾಟಬೇಡಿ, ಬಾಗಿಲಲ್ಲಿ ಜೋತು ಬೀಳಬೇಡಿ, ಓಡುವ ರೈಲು ಹತ್ತಬೇಡಿ. ಒಂದು ರೈಲು ತಪ್ಪಿದರೆ ನಾಲ್ಕೈದು ನಿಮಿಷಕ್ಕೆ ಇನ್ನೊಂದು ಬರುತ್ತದೆ.

ಒಬ್ಬರೇ ಹೋಟೆಲಿನಲ್ಲಿ ಕೂತು ಊಟ ಮಾಡಲು ಮುಜುಗರ. ಏನು ಮಾಡಲಿ?

ಮುಂಬೈಯಲ್ಲಿ ಅದರ ಚಿಂತೆ ಬೇಡವೇ ಬೇಡ. ಒಬ್ಬರೇ ಬಂದು ತಿಂದು ಹೋಗುವವರಿಗಾಗಿಯೇ ಈ ಊರಿನ ಸಣ್ಣ ಹೋಟೆಲುಗಳು ಬೆಳೆದದ್ದು. ಗುರುತಿಲ್ಲದವರ ಜೊತೆ ಒಂದೇ ಟೇಬಲ್ಲಿನಲ್ಲಿ ಕೂರುವುದು ಇಲ್ಲಿ ಮಾಮೂಲು. ಯಾರೂ ಮುಖ ನೋಡುವುದಿಲ್ಲ, ಯಾರೂ ಮಾತಾಡಲೇಬೇಕೆಂದಿಲ್ಲ.

ಬೀದಿಯಲ್ಲಿ ನಿಂತು ತಿನ್ನುವುದಾದರೆ ವಡಾ ಪಾವ್, ಜೊತೆಗೆ ಕಟಿಂಗ್ ಚಾಯ್, ಅಂದರೆ ಅರ್ಧ ಲೋಟ ಚಹಾ. ಕೂತು ತಿನ್ನಬೇಕಾದರೆ ಇರಾನಿ ಕೆಫೆಗೆ ಹೋಗಿ ಬನ್ ಮಸ್ಕಾ (ಬೆಣ್ಣೆ ಹಚ್ಚಿದ ಬನ್) ತೆಗೆದುಕೊಳ್ಳಿ. ಧೋಬಿ ತಲಾವ್‌ನ ಕಯಾನಿ 1904ರಿಂದ ಇದೆ. ಉಡುಪಿ ಹೋಟೆಲುಗಳು ಎಲ್ಲ ಕಡೆ ಸಿಗುತ್ತವೆ. ಅಲ್ಲಿನ ‘ಮೈಸೂರು ಮಸಾಲೆ’ ದೋಸೆ ಮಾತ್ರ ಮೈಸೂರಿನದ್ದರ ಹಾಗೆ ಇರುವುದಿಲ್ಲ. ಬೆಣ್ಣೆ, ತರಕಾರಿ, ಖಾರ ಎಲ್ಲ ಸೇರಿ ಅದು ಬೇರೆಯದೇ ತಿಂಡಿ. ಒಮ್ಮೆ ತಿಂದು ನೋಡಿ.

ಮುಂಬೈಯಲ್ಲಿ ನಮ್ಮವರ ಜಾಗ ಯಾವುದು? ಅಲ್ಲಿ ಏನಿದೆ?

ಮಾಟುಂಗಾ. ಗಡಿಬಿಡಿ ಬೇಡ ಎನ್ನುವವರಿಗೆ ಫೋರ್ಟಿಗಿಂತ ಇದೇ ಚೆನ್ನ. ಸೆಂಟ್ರಲ್ ಲೈನಿನಲ್ಲಿ ದಾದರ್‌ನ ಮುಂದಿನ ಸ್ಟೇಷನ್. ಸ್ಲೋ ರೈಲು ಹಿಡಿಯಿರಿ. ಸ್ಟೇಷನ್ನಿಗೂ ಒಂದು ಹೆಗ್ಗಳಿಕೆ ಇದೆ: 2017ರಲ್ಲಿ ಇಲ್ಲಿ ಎಲ್ಲ ಕೆಲಸಕ್ಕೂ ಮಹಿಳಾ ಸಿಬ್ಬಂದಿಯನ್ನೇ ಹಾಕಿದರು, ದೇಶದಲ್ಲೇ ಮೊದಲು.

ಪೂರ್ವದ ಕಡೆ ಇಳಿದರೆ ಹೂವಿನ ಅಂಗಡಿಗಳು, ಬಾಳೆ ಎಲೆ, ಕಾಫಿ ಪುಡಿಯ ಘಮ. ಸ್ಟೇಷನ್ನಿನ ಪಕ್ಕದಲ್ಲೇ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1942ರಲ್ಲಿ ಶುರುವಾದ ಊಟದ ಮನೆ. ಕಿಂಗ್ಸ್ ಸರ್ಕಲ್ ಕಡೆ ನಡೆದರೆ ಕೆಫೆ ಮೈಸೂರ್, ಕೆಫೆ ಮದ್ರಾಸ್. ಭಾವು ದಾಜಿ ರಸ್ತೆಯಲ್ಲಿ ಮೈಸೂರು ಅಸೋಸಿಯೇಷನ್ ಇದೆ. ನಾಟಕ, ಉಪನ್ಯಾಸ ಏನಾದರೂ ಇದೆಯಾ ಎಂದು ವಿಚಾರಿಸಿ ನೋಡಿ. ಹೊಟ್ಟೆ ತುಂಬಿದ ಮೇಲೆ ಮರಗಳ ನೆರಳಿರುವ ಫೈವ್ ಗಾರ್ಡನ್ಸ್ ತನಕ ಒಂದು ನಡಿಗೆ.

ಈ ಹೋಟೆಲುಗಳಲ್ಲಿ ಕೂತಾಗ ಒಂದು ವಿಷಯ ನೆನೆಯಿರಿ. ಕುಂದಾಪುರ, ಉಡುಪಿ, ಕಾರ್ಕಳದ ಕಡೆಯಿಂದ ಎಷ್ಟೋ ಹುಡುಗರು ಬರಿಗೈಯಲ್ಲಿ ಈ ಊರಿಗೆ ಬಂದರು. ಹಗಲು ಲೋಟ ತೊಳೆದು, ಸಂಜೆ ಕನ್ನಡದ ರಾತ್ರಿ ಶಾಲೆಗಳಲ್ಲಿ ಓದಿದರು. ಅವರಲ್ಲಿ ಕೆಲವರು ಹೋಟೆಲ್ ಮಾಲೀಕರಾದರು, ವಕೀಲರಾದರು, ಮೇಷ್ಟ್ರಾದರು. ಮುಂಬೈಯ ಕನ್ನಡ ಬದುಕಿಗೆ ಅಡಿಪಾಯ ಹಾಕಿದವರಲ್ಲಿ ಅವರೂ ಇದ್ದಾರೆ. ಗಲ್ಲಾದಲ್ಲಿ ಕೂತ ಹಿರಿಯರಿಗೆ ‘ನಮಸ್ಕಾರ, ಯಾವ ಊರು ನಿಮ್ದು?’ ಎಂದು ಕನ್ನಡದಲ್ಲೋ ತುಳುವಿನಲ್ಲೋ ಕೇಳಿ ನೋಡಿ. ಅವರ ಮುಖ ಅರಳುವುದನ್ನು ನೋಡಲೆಂದೇ ನಾನು ಕೇಳುವುದುಂಟು.

ಹೆಂಗಸರು ಒಬ್ಬರೇ ಸುತ್ತಬಹುದಾ?

ನನ್ನ ಅಕ್ಕ-ತಂಗಿಯರನ್ನೇ ಧೈರ್ಯವಾಗಿ ಕಳಿಸಿದ್ದೇನೆ. ಹಗಲಿನಲ್ಲಿ ಫೋರ್ಟ್, ಕಾಲಾ ಘೋಡಾ, ಮಾಟುಂಗಾ, ಸಂಜೆ ಮರೀನ್ ಡ್ರೈವ್, ಎಲ್ಲ ಕಡೆ ಒಬ್ಬರೇ ಓಡಾಡುವ ಹೆಂಗಸರು ಕಾಣುತ್ತಾರೆ. ಲೋಕಲ್‌ನಲ್ಲಿ ಲೇಡೀಸ್ ಡಬ್ಬಿ ಇದೆ. ದಾರಿ ಕೇಳುವುದಿದ್ದರೆ ಅಂಗಡಿಯವರನ್ನೋ ಪೊಲೀಸರನ್ನೋ ಕೇಳಿ. ಕತ್ತಲಾದ ಮೇಲೆ ಫೋರ್ಟಿನ ಒಳಗಲ್ಲಿಗಳು ಖಾಲಿಯಾಗುತ್ತವೆ, ಆಗ ದೊಡ್ಡ ರಸ್ತೆಯಲ್ಲೇ ನಡೆಯಿರಿ. ಎಲ್ಲಿದ್ದೀರಿ ಎಂದು ಮನೆಯವರಿಗೆ ಒಂದು ಲೊಕೇಶನ್ ಕಳಿಸಿ. ಈ ಮಾತು ಗಂಡಸರಿಗೂ ಸೇರಿಸಿಯೇ ಹೇಳಿದ್ದು.

ಶೌಚಾಲಯ?

ಸ್ಟೇಷನ್ನಿನಲ್ಲಿ, ಮ್ಯೂಸಿಯಂನಲ್ಲಿ, ಊಟ ಮಾಡಿದ ಹೋಟೆಲಿನಲ್ಲಿ. ಅವಕಾಶ ಸಿಕ್ಕಾಗಲೇ ಮುಗಿಸಿಕೊಳ್ಳಿ. ಮೆಟ್ರೋ ಸ್ಟೇಷನ್ನಿನವು ಹೊಸವು, ಚೊಕ್ಕಟವಾಗಿವೆ.

ಹಿಂದಿ, ಮರಾಠಿ ಅಷ್ಟಾಗಿ ಬರಲ್ಲ.

ಮುರುಕಲು ಹಿಂದಿ ಸಾಕು. ಇಲ್ಲಿನ ಹಿಂದಿಯೂ ಹತ್ತು ಭಾಷೆ ಬೆರೆತದ್ದೇ. ರೈಲಿನ ಸೂಚನೆ ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬರುತ್ತದೆ. ‘ಪುಢೀಲ್ ಸ್ಟೇಶನ್’ ಎಂದರೆ ಮುಂದಿನ ಸ್ಟೇಷನ್. ಹಿರಿಯರನ್ನು ‘ಕಾಕಾ’, ‘ಮಾವ್ಶಿ’ ಎಂದು ಕರೆದು ಕೇಳಿದರೆ ಜನ ನಿಂತು ದಾರಿ ತೋರಿಸುತ್ತಾರೆ.

ಯಾವ ದಿನ ಒಳ್ಳೆಯದು?

ಭಾನುವಾರ ಫೋರ್ಟ್ ಶಾಂತವಾಗಿರುತ್ತದೆ, ಕಟ್ಟಡ ನೋಡುವವರಿಗೆ ಹಬ್ಬ. ಆದರೆ ಆಫೀಸಿನವರನ್ನು ನಂಬಿದ ಹೋಟೆಲುಗಳು ಮುಚ್ಚಿರುತ್ತವೆ. ರೈಲ್ವೆಯವರು ಹಳಿ ರಿಪೇರಿಗೆಂದು ‘ಮೆಗಾ ಬ್ಲಾಕ್’ ಮಾಡುವುದೂ ಭಾನುವಾರವೇ. ಯಾವ ಲೈನ್ ಬಂದ್ ಎಂದು ಮೊದಲೇ ನೋಡಿಕೊಳ್ಳಿ. ಸೋಮವಾರ ಮಾಟುಂಗಾದ ಕೆಲವು ಹಳೇ ಹೋಟೆಲುಗಳಿಗೆ ರಜೆ.

ಮಳೆಗಾಲದಲ್ಲಿ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಅಬ್ಬರ ಕರಾವಳಿಯವರಿಗೆ ಹೊಸದಲ್ಲ, ಬಯಲುಸೀಮೆಯವರಿಗೆ ಹೊಸದು. ಜೋರು ಮಳೆ ಮತ್ತು ಸಮುದ್ರದ ಭರತ ಒಟ್ಟಿಗೇ ಬಂದರೆ ನೀರು ಹರಿದು ಹೋಗಲು ಜಾಗವಿಲ್ಲದೆ ರಸ್ತೆ, ಹಳಿ ಮುಳುಗುತ್ತವೆ. ಹವಾಮಾನ ಇಲಾಖೆ ಕೆಂಪು ಎಚ್ಚರಿಕೆ ಕೊಟ್ಟ ದಿನ ಸ್ಟೇಷನ್ ಬಿಟ್ಟು ದೂರ ಹೋಗಬೇಡಿ. ಮರೀನ್ ಡ್ರೈವಿನಲ್ಲಿ ಅಲೆ ಗೋಡೆ ಹಾರುವಾಗ ಕಲ್ಲುಗಳ ಮೇಲೆ ಇಳಿಯಲೇಬೇಡಿ. ಸಣ್ಣ ಮಳೆಯಾದರೆ ಮಾತ್ರ ಕೊಡೆ ಹಿಡಿದು ನಡೆಯಿರಿ, ಒದ್ದೆಯಾದ ಕಪ್ಪು ಕಲ್ಲಿನ ಕಟ್ಟಡಗಳು ಇನ್ನೂ ಚೆಂದ.

ಒಬ್ಬರೇ ಸುತ್ತಿದರೆ ಬೇಜಾರಾಗಲ್ವಾ?

ಮೊದಲ ಅರ್ಧ ಗಂಟೆ ಸ್ವಲ್ಪ ಕಸಿವಿಸಿ ಆಗುತ್ತದೆ, ನಿಜ. ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ. ಅದನ್ನು ಜೇಬಿನಲ್ಲೇ ಇಟ್ಟು ನಡೆಯಿರಿ. ಜೊತೆಯವರಿದ್ದರೆ ಅವರಿಗೆ ಕಾಲು ನೋವು, ಇವರಿಗೆ ಹಸಿವು, ಮಕ್ಕಳಿಗೆ ಐಸ್‌ಕ್ರೀಮ್. ಒಬ್ಬರೇ ಇದ್ದಾಗ ಕಲ್ಲಿನ ಮಂಗವೊಂದನ್ನು ಹತ್ತು ನಿಮಿಷ ನೋಡಿದರೂ ಕೇಳುವವರಿಲ್ಲ. ಮನೆ, ಮಠ, ಕೆಲಸ ಎಂದು ಸದಾ ಯಾರಿಗಾದರೂ ಬೇಕಾಗಿಯೇ ಇರುವವರಿಗೆ, ಅದರಲ್ಲೂ ನಮ್ಮ ಹೆಂಗಸರಿಗೆ, ಈ ನಾಲ್ಕು ಗಂಟೆ ತುಂಬ ದೊಡ್ಡದು. ಅದನ್ನು ತೆಗೆದುಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಎಷ್ಟು ಖರ್ಚಾಗುತ್ತದೆ?

ಲೋಕಲ್‌ನ ಸೆಕೆಂಡ್ ಕ್ಲಾಸ್ ಟಿಕೆಟ್ 5 ರೂಪಾಯಿಯಿಂದ ಶುರು. ಬೀದಿ, ಮೈದಾನ, ಸಮುದ್ರ, ಆರ್ಟ್ ಗ್ಯಾಲರಿ ಎಲ್ಲ ಪುಕ್ಕಟೆ. ಊಟ, ಚಹಾ, ಕ್ಲೋಕ್ ರೂಮ್ ಸೇರಿ ಐನೂರು ರೂಪಾಯಿಯೊಳಗೆ ಮುಗಿಸಬಹುದು.

ಏರ್‌ಪೋರ್ಟಿನಲ್ಲಿ ಆರೇಳು ಗಂಟೆ ಕಾಯಬೇಕು. ಊರೊಳಗೆ ಹೋಗಿಬರಲೇ?

ಮೊದಲು ಇದಕ್ಕೆ ಬೇಡ ಎನ್ನುತ್ತಿದ್ದೆ. 2025ರ ಅಕ್ಟೋಬರ್‌ನಲ್ಲಿ ನೆಲದಡಿಯ ಮೆಟ್ರೋ 3 ಕಫ್ ಪರೇಡ್ ತನಕ ಪೂರ್ತಿ ತೆರೆದ ಮೇಲೆ ಉತ್ತರ ಬದಲಾಗಿದೆ. ಟರ್ಮಿನಲ್ 1, ಟರ್ಮಿನಲ್ 2 ಎರಡಕ್ಕೂ ಸ್ಟೇಷನ್ ಇದೆ. ಅಲ್ಲಿ ಹತ್ತಿದರೆ ಹುತಾತ್ಮ ಚೌಕ್‌ನಲ್ಲೇ ಇಳಿಯಬಹುದು, ಟ್ರಾಫಿಕ್ಕಿನ ತಲೆನೋವಿಲ್ಲ. ದೇಶದೊಳಗಿನ ವಿಮಾನವಾದರೆ ಎರಡು ಗಂಟೆ, ಹೊರದೇಶದ್ದಾದರೆ ಮೂರು ಗಂಟೆ ಮೊದಲು ವಾಪಸ್ ಬಂದಿರಬೇಕು. ರಾತ್ರಿ ತಡವಾಗಿ ಮೆಟ್ರೋ ಇರುವುದಿಲ್ಲ.

ಸೂರ್ಯಾಸ್ತ ಎಷ್ಟು ಹೊತ್ತಿಗೆ?

ಡಿಸೆಂಬರ್‌ನಲ್ಲಿ ಆರು ಗಂಟೆ ಸುಮಾರಿಗೆ, ಜೂನ್-ಜುಲೈನಲ್ಲಿ ಏಳೂಕಾಲು.

ಮನೆಗೆ ಏನು ತೆಗೆದುಕೊಂಡು ಹೋಗಲಿ?

ಸಿಎಸ್‌ಎಂಟಿಯಿಂದ ಕ್ರಾಫರ್ಡ್ ಮಾರ್ಕೆಟ್ ಹತ್ತು ನಿಮಿಷದ ನಡಿಗೆ. 1869ರ ಕಟ್ಟಡ, ಈಗಿನ ಹೆಸರು ಮಹಾತ್ಮ ಜ್ಯೋತಿಬಾ ಫುಲೆ ಮಂಡಿ. ಏಪ್ರಿಲ್-ಮೇ ತಿಂಗಳಲ್ಲಿ ಆಪೂಸ್ ಮಾವು ರಾಶಿ ಬಿದ್ದಿರುತ್ತದೆ. ಮೊದಲು ಹೇಳಿದ ಬೆಲೆಗೆ ಒಪ್ಪಬೇಡಿ, ಪೆಟ್ಟಿಗೆಯ ಕೆಳಗಿನ ಸಾಲನ್ನೂ ತೆಗೆಸಿ ನೋಡಿ. ಬೇರೆ ತಿಂಗಳಾದರೆ ಮಾಹಿಮ್ ಹಲ್ವಾ. ಹಾಳೆಯ ಹಾಗೆ ತೆಳ್ಳಗೆ ಇರುತ್ತದೆ, ನಡುವೆ ಕಾಗದ ಹಾಕಿ ಕಟ್ಟಿಕೊಡುತ್ತಾರೆ, ರೈಲಿನಲ್ಲಿ ಕೆಡುವುದಿಲ್ಲ.